ಕುರ್ಚಿಯಿಂದ ಐದು ಸಲ ಎದ್ದು ಕೂತ ಕಥೆ

ಹೋದ ವರ್ಷ ಯುಗಾದಿ ಮರುದಿನದ ಮಾತು. ನಾಲ್ಕು ವರ್ಷದ ಮಗಳು ಅಂಗಳದಿಂದ ಅಳುತ್ತಾ ಓಡಿ ಬಂದಳು. ಕಾಲಿಗೆ ಮುಳ್ಳು ನೆಟ್ಟಿತ್ತು. ನಾನು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ, ಅವ್ವ ಕಟ್ಟೆ ಮೇಲೆ ಕೂತಿದ್ದಳು. ಮಗಳು ಇಬ್ಬರ ಮುಖವನ್ನೂ ಒಮ್ಮೆ ನೋಡಿ, ಇಬ್ಬರನ್ನೂ ದಾಟಿಕೊಂಡು ಸೀದಾ ಒಳಗೆ ಹೋದಳು. "ಅಜ್ಜಾ, ನೀನ ಎತಗೋ. ಮಮ್ಮಿಗಿ ಸೊಂಟ ನೋವ ಐತಿ, ಆಯಿಗಿ ಮೊಣಕಾಲ ನೋವ ಐತಿ" ಅಂದಳು.

ಸಿಟ್ಟಿನಿಂದ ಹೇಳಿದ್ದಲ್ಲ. ನಮ್ಮನೆ ಬಾಗಿಲು ಹಸಿರು ಬಣ್ಣದ್ದು ಅನ್ನುವ ಹಾಗೆ, ಗೊತ್ತಿದ್ದ ಸಂಗತಿ ಹೇಳಿದಳು ಅಷ್ಟೇ. ಎಷ್ಟು ಸಲ "ಈಗ ಬ್ಯಾಡವ್ವಾ, ಸೊಂಟ ನೋವು" ಅಂದಿದ್ದರೆ ಅದು ಅವಳ ಬಾಯಿಪಾಠ ಆಗಿರಬೇಕು ಅಂತ ಲೆಕ್ಕ ಹಾಕಿದೆ. ಅವತ್ತು ಮಧ್ಯಾಹ್ನ ಮೀಟಿಂಗಿನಲ್ಲಿ ಯಾರು ಏನು ಹೇಳಿದರೋ, ನನಗೆ ಒಂದೂ ನೆನಪಿಲ್ಲ.

ನನ್ನ ಸೊಂಟ ನೋವಿಗೆ ಹುಟ್ಟಿದ ತಾರೀಖು ಇದೆ. 2019ರ ಆಗಸ್ಟ್. ಮಲಪ್ರಭೆ ರಾಮದುರ್ಗದ ಓಣಿಗಳಿಗೆ ನುಗ್ಗಿದ ಆ ವಾರ ನಾನು ಬೆಂಗಳೂರಿನಿಂದ ರಜೆ ಹಾಕಿ ಊರಿಗೆ ಬಂದಿದ್ದೆ. ನೇಕಾರರ ಮನೆಗಳಲ್ಲಿ ಮಗ್ಗ ನೀರಲ್ಲಿ, ನೂಲು ರಾಡಿಯಲ್ಲಿ. ನಮ್ಮನೆಯಲ್ಲೂ ಅದೇ. ನೆಂದ ನೂಲಿನ ಗಂಟು ಎಷ್ಟು ಭಾರ ಇರುತ್ತದೆ ಅಂತ ಎತ್ತಿದವರಿಗೇ ಗೊತ್ತು. ಎರಡು ದಿನ ಎತ್ತಿದೆ, ಮೂರನೇ ದಿನ ಏಳಲಿಕ್ಕೆ ಆಗಲಿಲ್ಲ. ಮುಂದಿನ ವರ್ಷ ವರ್ಕ್ ಫ್ರಂ ಹೋಮ್ ಬಂತು, ಕುರ್ಚಿ ಗಟ್ಟಿಯಾಯಿತು. ಆಮೇಲೆ ಬಾಣಂತನ. ನೆರೆ ಇಳಿಯಿತು, ನೋವು ಇಳಿಯಲಿಲ್ಲ.

ಅವ್ವನ ನೋವು ಇನ್ನೂ ಹಳೆಯದು, 2006ರದು. ಆ ವರ್ಷದ ಚಿಕೂನ್‌ಗುನ್ಯಾ ನಿಮ್ಮನೆ ಹಿರಿಯರಿಗೂ ನೆನಪಿರುತ್ತದೆ, ಕೇಳಿ ನೋಡಿ. ಕರ್ನಾಟಕದಲ್ಲೇ ಏಳೂವರೆ ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು. ಆಫ್ರಿಕಾದ ಮಕೊಂಡೆ ಭಾಷೆಯಲ್ಲಿ ಆ ಹೆಸರಿಗೆ 'ಬಾಗಿಸುವಂಥದ್ದು' ಅನ್ನುವ ಅರ್ಥ. ಅವ್ವನನ್ನು ಅದು ನಿಜಕ್ಕೂ ಬಾಗಿಸಿತು. ಜ್ವರ ವಾರದಲ್ಲಿ ಹೋಯಿತು, ಸಂದು ನೋವು ಉಳಿಯಿತು. ಈ ರೋಗದಲ್ಲಿ ಕೆಲವರಿಗೆ ನೋವು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುವುದುಂಟು. ಕಂಡಿಕೆ ಸುತ್ತುತ್ತಿದ್ದ ಬೆರಳು ಬೆಳಗಿನ ಹೊತ್ತು ಮಡಚುವುದನ್ನೇ ನಿಲ್ಲಿಸಿತು. ಆಮೇಲೆ ವಯಸ್ಸಿನ ಸವೆತ ಬಂದು ಮೊಣಕಾಲಿಗೆ ಕೂತಿತು. ನೆಲಕ್ಕೆ ಕೂರುವುದು ಬಿಟ್ಟಳು, ಜಾತ್ರೆ ಬಿಟ್ಟಳು, ಮಾಳಿಗೆ ಹತ್ತುವುದು ಬಿಟ್ಟಳು. ಬಿಟ್ಟಷ್ಟೂ ನೋವು ಕಡಿಮೆ ಆಯಿತಾ? ಇಲ್ಲ.

ಹಂಗಾಗಿ ಯುಗಾದಿ ಮುಗಿದ ವಾರವೇ ನಾನು ಜಿಮ್ ಸೇರಿದೆ.

ಮೊದಲ ದಿನದ ಪರಾಕ್ರಮ

ಯಾವ ಜಿಮ್, ಯಾವ ಊರು ಅನ್ನೋದು ಬೇಡ. ತಪ್ಪಿನಲ್ಲಿ ಅರ್ಧ ಪಾಲು ನನ್ನದೂ ಇತ್ತು. ಸೊಂಟ ನೋವಿದೆ ಅಂತ ಹೇಳಿದೆ, ಆದರೆ ಐದು ವರ್ಷದಿಂದ ಇದೆ ಅಂತ ಹೇಳಲಿಲ್ಲ. ಪಕ್ಕದಲ್ಲಿ ಕಾಲೇಜು ಹುಡುಗಿಯರು ನಲವತ್ತು ಬೈಠಕ್ ಹೊಡೆದರು, ನಾನೂ ಹೊಡೆದೆ. ಅವತ್ತು ಸಂಜೆ ಏನೋ ಗೆದ್ದೆ ಅನ್ನುವ ಖುಷಿ. ಮರುದಿನ ಪಾಯಖಾನೆಯಲ್ಲಿ ಕೂರಲು ನಲ್ಲಿ ಹಿಡಿಯಬೇಕಾಯಿತು, ಏಳಲು ಅವ್ವನನ್ನು ಕರೆಯಬೇಕಾಯಿತು. ಮೊಣಕಾಲು ನೋವಿನ ಅವ್ವ ಬಂದು ಸೊಂಟ ನೋವಿನ ಮಗಳನ್ನು ಎಬ್ಬಿಸಿದ ಆ ದೃಶ್ಯವನ್ನು ನೀವೇ ಊಹಿಸಿಕೊಳ್ಳಿ.

"ಹೇಳಿದ್ದೆ ಇಲ್ಲೋ? ನೋವ ಇದ್ದಾಗ ಸುಮ್ಮ ಕುಂಡ್ರಬೇಕ" ಅಂದಳು ಅವ್ವ.

ಸುಮ್ಮನೆ ಕೂತೆ. ಎರಡು ತಿಂಗಳು.

ಆಗ ನನಗೆ ಗೊತ್ತಿರದ ಒಂದು ಸಂಗತಿ ಇಲ್ಲಿ ಹೇಳಿಬಿಡುತ್ತೇನೆ. ರೂಢಿ ಇಲ್ಲದ ಕೆಲಸ ಕೊಟ್ಟರೆ ಸ್ನಾಯು ನೋಯುವುದು ಯಾರಿಗಾದರೂ ಸಹಜ. ಆ ನೋವು ಒಂದರಿಂದ ಮೂರು ದಿನದೊಳಗೆ ಏರಿ, ತಾನೇ ಇಳಿಯುತ್ತದೆ. ಆರೋಗ್ಯವಂತರಿಗೆ ಅದು 'ಮೈ ಕೈ ನೋವು' ಅಷ್ಟೇ. ಆದರೆ ವರ್ಷಗಟ್ಟಲೆ ನೋವು ತಿಂದವರಿಗೆ 'ಒಳಗೆ ಇನ್ನೇನೋ ಮುರಿಯಿತು' ಅನಿಸುತ್ತದೆ. ನಾವು ಶುರು ಮಾಡಿದ ಎರಡನೇ ದಿನಕ್ಕೇ ಬಿಡುವುದು ಬಹಳ ಸಲ ಈ ಹೆದರಿಕೆಗೇ.

"ಐದು ಮಾಡ್ರಿ. ಆರು ಬ್ಯಾಡ"

ಜೂನಿನಲ್ಲಿ ಒಬ್ಬ ಫಿಜಿಯೋಥೆರಪಿಸ್ಟ್ ಹತ್ತಿರ ಹೋದೆ. ಹಳೆಯ ಸ್ಕ್ಯಾನ್ ಫೈಲು ಬಗಲಲ್ಲಿತ್ತು. 'ಡಿಸ್ಕ್ ಉಬ್ಬಿದೆ' ಅಂತ ಅದರಲ್ಲಿ ಬರೆದಿದ್ದನ್ನು ನಾನು ಜಾತಕದ ಹಾಗೆ ನಂಬಿದ್ದೆ. ಅವರು ಓದಿ, ಪಕ್ಕಕ್ಕಿಟ್ಟು, ಒಂದು ಲೆಕ್ಕ ಹೇಳಿದರು. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆಯಲ್ಲಿ ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟು ಹಾಕಿ ನೋಡಿದ್ದರಂತೆ. ಇಪ್ಪತ್ತರ ವಯಸ್ಸಿನವರಲ್ಲೇ ಶೇಕಡಾ 30 ಮಂದಿಗೆ ಡಿಸ್ಕ್ ಉಬ್ಬಿತ್ತು, ಎಂಬತ್ತರ ವಯಸ್ಸಿನವರಲ್ಲಿ ಶೇಕಡಾ 84 ಮಂದಿಗೆ. ಅವರ್ಯಾರಿಗೂ ನೋವಿರಲಿಲ್ಲ. "ಸ್ಕ್ಯಾನ್ ಸುಳ್ಳು ಅಂತಲ್ರಿ ಅಕ್ಕಾರ. ಆದ್ರ ಅದನ್ನ ನೋಡಿ ನಿಮ್ಮ ಸೊಂಟ ಕೈ ಬಿಟ್ಟತಿ ಅಂತ ತೀರ್ಮಾನ ಮಾಡಬ್ಯಾಡ್ರಿ" ಅಂದರು.

ಆಮೇಲೆ ಒಂದು ಕುರ್ಚಿ ಇಟ್ಟರು. "ಕೈ ಊರದ ಎಷ್ಟ ಸಲ ಎದ್ದ ಕೂಡ್ತೀರಿ ನೋಡೂಣ್ರಿ."

ಒಂಬತ್ತು ಆಯಿತು. ಅಷ್ಟಕ್ಕೆ ಸೊಂಟ ಗೊಣಗಲು ಶುರು.

"ಹಂಗಾರ ದಿನಾ ಐದು ಮಾಡ್ರಿ. ಆರು ಬ್ಯಾಡ."

ನಗು ಬಂತು. ಐದು ಸಲ ಎದ್ದು ಕೂರೋದು ಒಂದು ವ್ಯಾಯಾಮವಾ? ಅವರು ನಗಲಿಲ್ಲ. "ಕೆಟ್ಟ ದಿನಾನೂ ಆಗೂವಷ್ಟ ಇಟಗೋರಿ. ಚೊಲೊ ದಿನ ಬಂದ್ರ ಇಪ್ಪತ್ತು ಮಾಡೂದು, ಮರುದಿನ ಮಲಗೂದು, ಮತ್ತ ವಾರ ಬಿಡೂದು. ಎಲ್ಲಾರೂ ಎಡವೂದು ಅಲ್ಲೇ."

ನನ್ನ ಐದು ವರ್ಷದ ಕಥೆಯನ್ನು ಒಂದೇ ಮಾತಲ್ಲಿ ಹೇಳಿದ ಹಾಗಿತ್ತು. ನೋವು ಕಡಿಮೆ ಇದ್ದ ಭಾನುವಾರ ಇಡೀ ಮನೆ ತೊಳೆಯುವುದು, ಸೋಮವಾರದಿಂದ ಗುರುವಾರದವರೆಗೆ ಬೆಲ್ಟ್ ಕಟ್ಟಿಕೊಂಡು ಕೂರುವುದು. ನಿಮ್ಮದೂ ಇದೇ ಕಥೆ ಇದ್ದರೆ ನಾಚಿಕೊಳ್ಳಬೇಡಿ, ನಾವು ಬಹಳ ಜನ ಇದ್ದೇವೆ.

ಒಳಗೆ ಏನು ನಡೆಯುತ್ತದೆ?

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳ ಪ್ರಶ್ನೆ ನ್ಯಾಯವಾಗಿತ್ತು: "ಸವದ ಮೊಣಕಾಲ ಮತ್ತ ಮತ್ತ ಮಡಚಿದ್ರ ಇನ್ನಷ್ಟ ಸವಿಯೂದಿಲ್ಲೇನ?"

ಮೊಣಕಾಲು ಗಾಡಿಯ ಟೈರ್ ಆಗಿದ್ದರೆ ಅವ್ವನ ಮಾತು ಸರಿ. ಆದರೆ ಸಂದಿನ ಮೃದ್ವಸ್ಥಿಯಲ್ಲಿ ಜೀವ ಇದೆ. ಅದಕ್ಕೆ ಸ್ವಂತ ರಕ್ತನಾಳ ಇಲ್ಲ. ಸಂದಿನೊಳಗಿನ ಅಂಟುದ್ರವದಿಂದಲೇ ಅದಕ್ಕೆ ಊಟ. ಕಾಲು ಊರಿದಾಗ ಒತ್ತಿಕೊಂಡು, ಎತ್ತಿದಾಗ ಸಡಿಲವಾಗಿ, ಸ್ಪಂಜಿನ ಹಾಗೆ ಅದು ದ್ರವ ಹೀರುತ್ತದೆ. ಕಾಲು ಆಡಿಸದೇ ಇದ್ದರೆ ಅದಕ್ಕೆ ಊಟವೂ ಕಡಿಮೆ. ಇನ್ನೊಂದು, ಮೊಣಕಾಲಿನ ಭಾರ ಹೊರಲು ನೆರವಾಗುವುದು ತೊಡೆಯ ಸ್ನಾಯು. ಕೂತು ಕೂತು ಅದು ಸೊರಗಿದರೆ ಅದರ ಪಾಲಿನ ಭಾರವೂ ಸಂದಿನ ತಲೆ ಮೇಲೆ.

ತೂಕದ ಮಾತನ್ನೂ ಹೇಳಿಬಿಡೋಣ. ಮೊಣಕಾಲು ಸವೆತ ಇರುವ, ತೂಕ ಹೆಚ್ಚಿದ್ದ ಹಿರಿಯರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ನಾಲ್ಕು ಕಿಲೋದಷ್ಟು ಹೊರೆ ಇಳಿದದ್ದು ಕಂಡಿತು. ಹತ್ತು ಕಿಲೋ ಇಳಿಸಲೇಬೇಕು ಅಂತ ಕೂರುವುದು ಬೇಡ, ಎರಡು ಕಿಲೋಗೂ ಲೆಕ್ಕ ಇದೆ.

ಹಾಗಾದರೆ ನೋವು? ನೋವು ಅಂದರೆ ಕಾವಲು ನಾಯಿ. ಒಮ್ಮೆ ಕಳ್ಳ ಬಂದುಹೋದ ಮನೆಯ ನಾಯಿ ಆಮೇಲೆ ಹಾಲಿನವನಿಗೂ ಬೊಗಳುತ್ತದೆ, ಪೇಪರ್ ಹುಡುಗನಿಗೂ ಬೊಗಳುತ್ತದೆ. ಹಳೆಯ ನೋವಿನಲ್ಲಿ ನರಗಳು ಹಾಗೇ ಆಗಿರುತ್ತವೆ. ಬೊಗಳುವುದು ನಿಜ, ನೋವೂ ನಿಜ. ಆದರೆ ಪ್ರತಿ ಸಲ ಕಳ್ಳ ಬಂದಿರುವುದಿಲ್ಲ. ನಾಯಿಯನ್ನು ಒದ್ದರೆ ಇನ್ನೂ ಕೆರಳುತ್ತದೆ (ಅದೇ ನನ್ನ ನಲವತ್ತು ಬೈಠಕ್). ಹಾಲಿನವನನ್ನು ದಿನಾ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ಮೆಲ್ಲಗೆ ಒಳಗೆ ಕರೆದರೆ ನಿಧಾನ ರೂಢಿಯಾಗುತ್ತದೆ. ಐದು ಸಲ ಎದ್ದು ಕೂರುವುದರ ಗುಟ್ಟು ಅದು.

ಮೈಯೆಲ್ಲಾ ನೋಯುವ ಫೈಬ್ರೋಮಯಾಲ್ಜಿಯಾಗೂ ವ್ಯಾಯಾಮಕ್ಕೇ ಮೊದಲ ಸ್ಥಾನ. ಯುರೋಪಿನ ಸಂಧಿರೋಗ ತಜ್ಞರ ಸಂಘ 2017ರಲ್ಲಿ ಅದರ ಚಿಕಿತ್ಸೆಗಳನ್ನೆಲ್ಲಾ ತೂಗಿ ನೋಡಿದಾಗ, ಬಲವಾಗಿ ಶಿಫಾರಸು ಮಾಡಿದ್ದು ಒಂದನ್ನೇ, ವ್ಯಾಯಾಮವನ್ನು.

ಬೆಳಗಾವಿಗೆ ಬಂದಿದ್ದ ಹುಡುಗ

ಅವ್ವನಿಗೆ ಯುರೋಪು, ಅಧ್ಯಯನ ಇವೆಲ್ಲ ನಾಟಲಿಲ್ಲ. ನಾಟಿದ್ದು ಬಿ.ಕೆ.ಎಸ್. ಅಯ್ಯಂಗಾರ್ ಅವರ ಕಥೆ. 1918ರಲ್ಲಿ ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿದವರು. ಸಣ್ಣವರಿದ್ದಾಗ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲಾ ಆಗಿ ಕಡ್ಡಿಯಂತಾಗಿದ್ದರು. ಮೈಸೂರಿನಲ್ಲಿ ಯೋಗ ಶುರು ಮಾಡಿದಾಗ ಬಾಗಿದರೆ ಬೆರಳು ಮೊಣಕಾಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲವಂತೆ. 1936ರಲ್ಲಿ ಗುರು ಕೃಷ್ಣಮಾಚಾರ್ಯರ ಜೊತೆ ನಮ್ಮ ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆ ಬಂದಿದ್ದರು. ಆಗ ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ.ಬಿ. ಗೋಖಲೆ ಈ ಹುಡುಗನನ್ನು ಮೆಚ್ಚಿಕೊಂಡರು. ಮರುವರ್ಷ ಅವರು ಪುಣೆಗೆ ಹೋಗಿ ನೆಲೆಸಲು ಅದೇ ದಾರಿಯಾಯಿತು.

ನಮಗೆ ಬೇಕಾದ ಭಾಗ ಮುಂದಿದೆ. 1979ರಲ್ಲಿ, ಅರವತ್ತು ದಾಟಿದ ಮೇಲೆ, ಸ್ಕೂಟರ್ ಅಪಘಾತದಲ್ಲಿ ಅವರ ಬೆನ್ನುಹುರಿಯ ಮೂಳೆಗೆ ಪೆಟ್ಟಾಯಿತು. ಜಗತ್ತಿಗೇ ಆಸನ ಕಲಿಸಿದವರು ಸುಲಭದ ಆಸನಗಳಿಂದ ಮತ್ತೆ ಶುರು ಮಾಡಬೇಕಾಯಿತು. ಕುರ್ಚಿ, ಹಗ್ಗ, ದಿಂಬು, ಮರದ ತುಂಡು, ಏನು ಆಸರೆ ಬೇಕೋ ಅದನ್ನೆಲ್ಲಾ ಇಟ್ಟುಕೊಂಡು ಮಾಡುವ ಪದ್ಧತಿ ಅವರದು. 2014ರಲ್ಲಿ 95ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೆ ಅವರ ಹೆಸರು ಅದರ ಜೊತೆಗೇ ಇತ್ತು.

"ಅಷ್ಟ ದೊಡ್ಡಾವ ಕುರ್ಚಿ ಹಿಡದ ಮಾಡಿದ್ನ?" ಅಂತ ಕೇಳಿದಳು ಅವ್ವ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ನನ್ನ ಕುರ್ಚಿನೂ ತಾ" ಅಂದಳು.

ನಾವು ಮಾಡಿದ್ದು

ಇದು ನಮ್ಮಿಬ್ಬರ ಪಟ್ಟಿ. ನಿಮ್ಮದು ನಿಮ್ಮ ಡಾಕ್ಟರನ್ನೋ ಫಿಜಿಯೋವನ್ನೋ ಕೇಳಿ ಮಾಡಿಕೊಳ್ಳಿ. ಬೆಳಗಾವಿ, ಧಾರವಾಡ ಎರಡೂ ಕಡೆ ಫಿಜಿಯೋಥೆರಪಿ ಕಾಲೇಜುಗಳಿವೆ. ಒಂದು ಸಲ ತೋರಿಸಿಕೊಂಡು ಬಂದರೂ ಮನೆಯಲ್ಲಿ ಮಾಡುವುದಕ್ಕೆ ಧೈರ್ಯ ಬರುತ್ತದೆ.

ಅವ್ವ: ಬೆಳಿಗ್ಗೆ ಬೆಚ್ಚಗಿನ ನೀರಲ್ಲಿ ಕೈ ಇಟ್ಟು ಹತ್ತು ಸಲ ಮುಷ್ಟಿ ಕಟ್ಟುವುದು, ಬಿಡುವುದು. ಮಂಚದ ಮೇಲೆ ಕಾಲು ಚಾಚಿ, ಮೊಣಕಾಲು ಕೆಳಗೆ ಒತ್ತಿ, ತೊಡೆ ಐದು ಸೆಕೆಂಡು ಬಿಗಿ ಹಿಡಿಯುವುದು, ಒಂದೊಂದು ಕಾಲಿಗೆ ಐದು ಸಲ. ಕೈ ಊರಿಕೊಂಡೇ ಕುರ್ಚಿಯಿಂದ ಮೂರು ಸಲ ಏಳುವುದು. ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತುವುದು, ಐದು ಸಲ.

ನಾನು: ಕೈ ಊರದೆ ಐದು ಸಲ ಎದ್ದು ಕೂರುವುದು. ಬೆನ್ನ ಮೇಲೆ ಮಲಗಿ, ಮೊಣಕಾಲು ಮಡಚಿ, ಸೊಂಟ ಮೆಲ್ಲಗೆ ಎತ್ತಿ ಇಳಿಸುವುದು, ಐದು ಸಲ. ಶಾಲೆ ಮೈದಾನದಲ್ಲಿ ಏಳು ನಿಮಿಷ ನಡಿಗೆ. ಹತ್ತು ನಿಮಿಷಕ್ಕೆ ನೋವು ಏರುತ್ತಿತ್ತು, ಅದಕ್ಕೇ ಏಳು. ಎರಡು ವಾರ ಸರಿ ಹೋದರೆ ಒಂದೆರಡು ನಿಮಿಷ ಹೆಚ್ಚು. ನಮ್ಮೂರಿನ ಏಪ್ರಿಲ್-ಮೇ ಬಿಸಿಲು ನಿಮಗೆ ಗೊತ್ತಲ್ಲ, ನಡಿಗೆ ಏನಿದ್ದರೂ ಏಳು ಗಂಟೆಯೊಳಗೇ.

ನೋವನ್ನು ಅಳೆಯಲಿಕ್ಕೆ ಒಂದು ಸುಲಭ ಕಟ್ಟಳೆ ಕಲಿತೆವು. ಸೊನ್ನೆಯಿಂದ ಹತ್ತರವರೆಗೆ ನಂಬರ್ ಕೊಡಿ. ಮಾಡುವಾಗ ಎರಡರವರೆಗೆ ಇದ್ದರೆ ಹಸಿರು ದೀಪ. ಮೂರರಿಂದ ಐದು ಹಳದಿ, ಮಾಡಬಹುದು ಆದರೆ ಹೆಚ್ಚಿಸುವುದು ಬೇಡ. ಐದು ದಾಟಿತೋ, ಅವತ್ತಿಗೆ ಸಾಕು. ಎಲ್ಲಕ್ಕಿಂತ ಮುಖ್ಯ ಮರುದಿನದ ಬೆಳಗು. ನೋವು ಮಾಮೂಲಿ ಮಟ್ಟಕ್ಕೆ ಇಳಿದಿದ್ದರೆ ನಿನ್ನೆ ಮಾಡಿದ್ದು ಸರಿ ಇತ್ತು. ಇಳಿಯದಿದ್ದರೆ ಹೆಚ್ಚಾಯಿತು, ಸ್ವಲ್ಪ ಇಳಿಸಿ.

ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ನಿಜ. ಆದರೆ 2020ರ ಅದೇ ಮಾರ್ಗಸೂಚಿ ಸ್ವಲ್ಪ ಮಾಡಿದರೂ ಏನೂ ಮಾಡದ್ದಕ್ಕಿಂತ ಮೇಲು, ಸಣ್ಣದರಿಂದ ಶುರು ಮಾಡಿ ನಿಧಾನ ಹೆಚ್ಚಿಸಿ ಅಂತಲೂ ಹೇಳುತ್ತದೆ. ಫೋನಿನ ಹತ್ತು ಸಾವಿರ ಹೆಜ್ಜೆಯ ಗಂಟೆಯನ್ನು ನಾನಂತೂ ಆಫ್ ಮಾಡಿದೆ. ಅವ್ವ ಅಡಿಗೆಮನೆ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ, ದಿನಾ ಎರಡು ಗೀಟು ಎಳೆದಳು. ಒಂದು ಅವಳದು, ಒಂದು ನನ್ನದು. ನನ್ನ ಗೀಟು ತಪ್ಪಿದರೆ ಊಟಕ್ಕೆ ಕೂತಾಗ ಮಾತು ಬರುತ್ತಿತ್ತು.

ಜಾತ್ರೆ ಮರುದಿನ

ಡಿಸೆಂಬರಿನಲ್ಲಿ ಗೊಡಚಿ ವೀರಭದ್ರೇಶ್ವರನ ಜಾತ್ರೆ. ಅವ್ವ ಹೋಗದೆ ವರ್ಷಗಳಾಗಿದ್ದವು. ಈ ಸಲ ತಾನೇ "ನಾನೂ ಬರ್ತೇನಿ" ಅಂದಳು. ಗಾಡಿ ನಿಲ್ಲಿಸಿದಲ್ಲಿಂದ ಗುಡಿವರೆಗೆ, ಎರಡು ಕಡೆ ಕೂತು ಸುಧಾರಿಸಿಕೊಂಡು, ನಡೆದೇ ಬಂದಳು. ಬರುವಾಗ ಬಳವಲಹಣ್ಣು, ಬಾರಿಹಣ್ಣು ತಾನೇ ಚೌಕಾಸಿ ಮಾಡಿ ಕೊಂಡಳು. ನಾನು ಮಗಳನ್ನು ಎತ್ತಿಕೊಂಡು ತೇರು ತೋರಿಸಿದೆ. ಐದೇ ನಿಮಿಷ, ಆದರೂ ಎತ್ತಿಕೊಂಡೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆಂದ ಇತ್ತು. ಮರುದಿನ ಬೆಳಿಗ್ಗೆ ಅವ್ವನ ಎಡ ಮೊಣಕಾಲು ಬಿಗಿದುಕೊಂಡಿತ್ತು, ನನ್ನ ಸೊಂಟ ಏಳರ ನಂಬರಿಗೆ ಹೋಗಿತ್ತು. ಅವ್ವನ ಮುಖದಲ್ಲಿ ಹಳೆಯ ಮಾತು ಮತ್ತೆ ಬಂದು ನಿಂತಿತ್ತು: ಸುಮ್ಮ ಕುಂಡ್ರಬೇಕಾಗಿತ್ತು.

ಅಪ್ಪ ಚಹಾ ಕುಡಿಯುತ್ತಿದ್ದ. ಐವತ್ತು ವರ್ಷ ಮಗ್ಗದ ಮುಂದೆ ಕೂತ ಮನುಷ್ಯ, ನಮ್ಮ ಕುರ್ಚಿ ಕಸರತ್ತಿನ ಬಗ್ಗೆ ಆರು ತಿಂಗಳಲ್ಲಿ ಒಂದು ಮಾತೂ ಆಡಿರಲಿಲ್ಲ. ಅವತ್ತು ಅಂದ: "ಎಳಿ ಹರದ್ರ ಮಗ್ಗ ನಿಲ್ಲಸ್ತೇವಿ, ಗಂಟ ಹಾಕ್ತೇವಿ, ಸಾವಕಾಶ ಚಾಲೂ ಮಾಡ್ತೇವಿ. ಹರೀತು ಅಂತ ಮಗ್ಗ ಮಾರಿ ಬರ್ತೇವೇನ?"

ಫಿಜಿಯೋ ಹೇಳಿದ್ದೂ ಇದನ್ನೇ, ಬೇರೆ ಮಾತಿನಲ್ಲಿ. ನೋವು ಕೆರಳಿದರೆ ಪೂರ್ತಿ ಬಿಡಬೇಡಿ, ಅರ್ಧಕ್ಕಿಳಿಸಿ. ಮೂರು ದಿನ ಅವ್ವ ಬರೀ ತೊಡೆ ಬಿಗಿ ಹಿಡಿದಳು. ನಾನು ಎರಡೇ ಸಲ ಎದ್ದು ಕೂತೆ, ಮೂರು ನಿಮಿಷ ನಡೆದೆ. ಬಿಸಿನೀರಿನ ಶಾಖ ಕೊಟ್ಟುಕೊಂಡೆವು. ಐದನೇ ದಿನ ಮತ್ತೆ ಹಳೆಯ ಲೆಕ್ಕಕ್ಕೆ ಬಂದೆವು. ಕ್ಯಾಲೆಂಡರಿನಲ್ಲಿ ಆ ದಿನಗಳ ಗೀಟು ಸಣ್ಣವು, ಆದರೆ ಇವೆ.

ಇವಕ್ಕೆ ಮಾತ್ರ ಕಾಯಬೇಡಿ

ಎಲ್ಲ ನೋವಿಗೂ ಈ ಮಾತು ಒಪ್ಪುವುದಿಲ್ಲ. ಸಂದು ಕೆಂಪಾಗಿ, ಬಿಸಿಯಾಗಿ, ಬಾತು ಜ್ವರ ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಬೆಳಿಗ್ಗೆ ಎದ್ದಾಗಿನ ಬಿಗಿತ ಅರ್ಧ ಗಂಟೆ ದಾಟಿಯೂ ಬಿಡದೆ ಬೆರಳ ಸಂದುಗಳು ಬಾತುಕೊಂಡಿದ್ದರೆ ವಾತರೋಗದ ಪರೀಕ್ಷೆ ತಡ ಮಾಡಬೇಡಿ. ಬೇಗ ಔಷಧ ಶುರುವಾದಷ್ಟೂ ಸಂದು ಉಳಿಯುತ್ತದೆ. ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು, ಬಿದ್ದ ಮೇಲೆ ಕಾಲೂರಲು ಆಗದಿರುವುದು ಕೂಡ ತೋರಿಸಬೇಕಾದವು. ಸೊಂಟ ನೋವಿನ ಜೊತೆ ಕಾಲಿನ ಶಕ್ತಿ ಹೋದರೆ, ತೊಡೆಸಂದಿಯಲ್ಲಿ ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ಒಂದು ಗಂಟೆಯೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಿ. ವ್ಯಾಯಾಮ ಮಾಡುವಾಗ ಎದೆ ನೋವು ಬಂದರೂ ಅಷ್ಟೇ.

ಮತ್ತೆ ಯುಗಾದಿ ಬಂದು ಹೋಯಿತು. ನನ್ನ ನೋವು ಹೋಗಿದೆಯಾ? ಇಲ್ಲ. ಹೆಚ್ಚಿನ ದಿನ ಮೂರು, ಕೆಲವು ದಿನ ಐದು. ಹದಿನೈದು ಸಲ ಎದ್ದು ಕೂರುತ್ತೇನೆ, ಇಪ್ಪತ್ತೈದು ನಿಮಿಷ ನಡೆಯುತ್ತೇನೆ. ಅವ್ವ ಇನ್ನೂ ನೆಲಕ್ಕೆ ಕೂರುವುದಿಲ್ಲ, ಆದರೆ ಕುರ್ಚಿಯಿಂದ ಏಳಲು ಕೈ ಊರುವುದು ಬಿಟ್ಟಿದ್ದಾಳೆ.

ಮೊನ್ನೆ ಮಗಳು ನಿದ್ದೆಗಣ್ಣಲ್ಲಿ ಬಂದು ಕುರ್ಚಿ ಪಕ್ಕ ನಿಂತಳು. ಎತ್ತಿಕೋ ಅನ್ನಲಿಲ್ಲ. "ಮಮ್ಮೀ, ಇವತ್ತ ನಂಬರ್ ಎಷ್ಟ?" ಅಂತ ಕೇಳಿದಳು.

"ಮೂರು" ಅಂದೆ.

ಎರಡೂ ಕೈ ಮೇಲೆತ್ತಿದಳು.